ಐದು ಸಲ ಸರಿ ಬಂತು ಅಂತ ಕೈ ತೊಳ್ಕೋಬೇಡ

ಪುಟ್ಟಿಗೆ ಮಾವನ ಆಶೀರ್ವಾದ.

ಮೊನ್ನೆ ಫೋನಲ್ಲಿ ನೀನು "ಐದು ಇನ್‌ಪುಟ್ ಕೊಟ್ ನೋಡ್ದೆ ಮಾವ, ಐದೂ ಕರೆಕ್ಟ್ ಬಂತು, ಪ್ರೋಗ್ರಾಂ ಮುಗೀತು" ಅಂದ್ಯಲ್ಲ, ಆಗ್ಲಿಂದ ನನ್ ತಲೇಲಿ ಒಂದೇ ನಂಬರ್ ಓಡ್ತಾ ಇದೆ. 4294967297. ನಾನೂರ ಇಪ್ಪತ್ತೊಂಬತ್ತು ಕೋಟಿ ಚಿಲ್ಲರೆ. ಇದರ ಹಿಂದಿನ ನಂಬರ್ ನಿಂಗೆ ಗೊತ್ತಿರತ್ತೆ, 2ರ 32ನೇ ಘಾತ, ಇಂಟರ್ನೆಟ್ಟಲ್ಲಿ ಕಂಪ್ಯೂಟರಿಗೆ ಗುರುತಾಗಿ ಕೊಡೋ ಹಳೇ ಐಪಿ ಅಡ್ರೆಸ್‌ಗಳು ಒಟ್ಟು ಅಷ್ಟೇ ಇರೋದು, ಅದಕ್ಕೆ ಒಂದು ಸೇರ್ಸಿದ್ರೆ ಇದು.

ಫ್ರಾನ್ಸಲ್ಲಿ ಫರ್ಮಾ ಅಂತ ಇದ್ರು, ಟೂಲೂಸ್ ಊರಿನ ಕೋರ್ಟಲ್ಲಿ ಕೆಲಸ, ಬಿಡುವಲ್ಲಿ ಗಣಿತ. 2ಕ್ಕೆ 1, 2, 4, 8, 16 ಅಂತ ಘಾತ ಹಾಕಿ ಒಂದು ಕೂಡಿಸ್ತಾ ಹೋದ್ರೆ 3, 5, 17, 257, 65537 ಬರತ್ತೆ, ಐದಕ್ಕೆ ಐದೂ ಅವಿಭಾಜ್ಯ, ಅಂದ್ರೆ ಒಂದು ಮತ್ತೆ ತನ್ನನ್ನ ಬಿಟ್ಟು ಬೇರೆ ಯಾವುದ್ರಿಂದಲೂ ಭಾಗ ಹೋಗಲ್ಲ. ಮುಂದೆ ಬರೋವೆಲ್ಲಾ ಹಂಗೇ ಇರತ್ತೆ ಅಂತ 1640ರಲ್ಲಿ ಪತ್ರ ಬರೆದ್ರು, ಪ್ರೂಫ್ ಕೈಲಿಲ್ಲ ಅಂತ ಅವರೇ ಒಪ್ಕೊಂಡ್ರು. ಆರನೇದು ನಮ್ಮ ಈ ನಂಬರ್. ಸುಮಾರು ತೊಂಬತ್ತು ವರ್ಷ ಅದು ಹಂಗೇ ನಿಂತಿತ್ತು ನೋಡು. 1732ರಲ್ಲಿ ಸೇಂಟ್ ಪೀಟರ್ಸ್‌ಬರ್ಗಲ್ಲಿದ್ದ ಆಯ್ಲರ್ ಅನ್ನೋ ಗಣಿತಜ್ಞ, ಇಪ್ಪತ್ತೈದರ ಹುಡುಗ, 641ರಿಂದ ಭಾಗ ಹೋಗತ್ತೆ ಅಂತ ತೋರ್ಸಿದ್ರು.

ಒಂದು ಹಾಳೆ ತಗೊಂಡು ನೀನೇ ಹಾಕು, ಕ್ಯಾಲ್ಕುಲೇಟರ್ ಬೇಡ. 4294ರಲ್ಲಿ 641 ಆರು ಸಲ, 448 ಉಳೀತು, 9 ಇಳಿಸು, 4489ರಲ್ಲಿ ಏಳು ಸಲ, ಉಳಿದದ್ದು ಬರೀ 2. ಇಲ್ಲಿ ಹುಷಾರು, 6 ಇಳಿಸಿದ್ರೂ ಹೋಗಲ್ಲ, 7 ಇಳಿಸಿದ್ರೂ ಹೋಗಲ್ಲ, ಎರಡು ಸೊನ್ನೆ ಮರೀದೆ ಬರಿ. ಆಮೇಲೆ ಉತ್ತರದಲ್ಲಿ 4, 1, ಕೊನೇಗೆ 7, ಶೇಷ ಸೊನ್ನೆ. 6700417. ಆ ಸೊನ್ನೆ ಬೀಳೋವಾಗ ಆಗೋ ಖುಷಿನ ಹೇಳಿ ತಿಳಿಸಕ್ಕಾಗಲ್ಲ ಕಣಮ್ಮ.

ಇನ್ನೊಂದ್ ಚೆಂದ ಇದೆ. ಈ ನಂಬರನ್ನ ಯಾವ ಅವಿಭಾಜ್ಯ ಭಾಗಿಸಿದ್ರೂ ಅದು 64ರ ಮಗ್ಗಿಗಿಂತ ಒಂದು ಜಾಸ್ತಿ ಇರ್ಲೇಬೇಕು ಅಂತ ಆಮೇಲೆ ಆಯ್ಲರೇ ಪ್ರೂವ್ ಮಾಡಿದ್ರು. ಅಂಥವು 193, 257, 449, 577, ಆಮೇಲೆ 641. ಯೋಚ್ನೆ ಮಾಡಿ ಕೂತ್ರೆ ನೂರಾರು ಭಾಗಾಕಾರ ಐದಕ್ಕೆ ಇಳಿಯತ್ತೆ. ನೀನೂ ಟೆಸ್ಟ್ ಮಾಡೋವಾಗ ಸುಲಭದ ಇನ್‌ಪುಟ್‌ನೇ ಇನ್ನೂ ಹತ್ತು ಕೊಡ್ಬೇಡ, ಸೊನ್ನೆ ಕೊಡು, ಮೈನಸ್ ಕೊಡು, ತುದಿ ಮೇಲಿರೋ ನಂಬರ್ ಕೊಡು, ಎಲ್ಲಿ ಮುರಿಯತ್ತೆ ಅನ್ಸತ್ತೋ ಅಲ್ಲೇ ಹೊಡಿ. ನಾನು ಸೊಸೈಟೀಲಿ ಲೆಕ್ಕ ಬರೀತಿದ್ದಾಗ ಮೊದಲ ಐದು ಪುಟದ ಟೋಟಲ್ ತಾಳೆ ಆಯ್ತು ಅಂತ ಉಳಿದಿದ್ದಕ್ಕೆ ಕಣ್ಮುಚ್ಚಿ ಸೈನ್ ಹಾಕ್ಬಿಟ್ಟೆ, ಒಂಬತ್ತನೇ ಪುಟದ ಮೊತ್ತ ಹತ್ತಕ್ಕೆ ತರೋವಾಗ ಅಂಕಿ ಹಿಂದುಮುಂದಾಗಿತ್ತು, ಆಡಿಟ್ ದಿನ ಎಲ್ರ ಮುಂದೆ ತಲೆ ತಗ್ಗಿಸ್ದೆ.

ಫರ್ಮಾ ಸಾಲಲ್ಲಿ ಏಳನೇ ನಂಬರ್ 18446744073709551617. ನಿನ್ ಪ್ರೋಗ್ರಾಂಗೆ ಇದನ್ನೂ ಕೊಡು, 64 ಬಿಟ್ಟಲ್ಲಿ, ಅಂದ್ರೆ ಕಂಪ್ಯೂಟರ್ ಒಂದು ನಂಬರಿಗೆ ಸಾಮಾನ್ಯವಾಗಿ ಕೊಡೋ ಜಾಗದಲ್ಲಿ, ಹಿಡಿಯಲ್ಲ, ಏನಂತ ಉತ್ತರ ಕೊಡತ್ತೆ ನಂಗೆ ಹೇಳು. ಇದನ್ನ ಒಡೆದಿದ್ದು 1880ರಲ್ಲಿ ಲಾಂಡ್ರಿ ಅನ್ನೋ ಫ್ರೆಂಚ್ ಅಜ್ಜ, ಆಗ ಅವರಿಗೆ 82 ವರ್ಷ. 274177ರಿಂದ ಹೋಗತ್ತೆ. ಭಾಗಿಸಿದ ಹಾಳೆನ ದೀಪಾವಳಿಗೆ ಬರೋವಾಗ ತಗೊಂಡ್ ಬಾ, ನಾನೂ ಇಲ್ಲಿ ಹಾಕಿಟ್ಟಿರ್ತೀನಿ, ಇಬ್ರೂ ಕೂತು ತಾಳೆ ನೋಡೋಣ.

ನಿನ್ನ ಮಾವ