ಟಿಂಬರ್ ಯಾರ್ಡ್ ಲೇಔಟಿನ ಆ ಮರಗೆಲಸದ ಅಣ್ಣನಿಗೆ

ತಂಗಿ ಮಗುವಿನ ನಾಮಕರಣಕ್ಕೆಂದು ಅಟ್ಟದಿಂದ ಇಳಿಸಿದ ಬೀಟೆ ತೊಟ್ಟಿಲಿನ ಕಾಲು ಅಲುಗಾಡುತ್ತಿತ್ತು. ನಾಡಿದ್ದೇ ಶಾಸ್ತ್ರ. ಕೇಳಿದ ಕಡೆಯೆಲ್ಲ "ವಾರ ಆಗುತ್ತೆ" ಅಂದರು. ಬೆಂಗಳೂರಿನ ಮೈಸೂರು ರಸ್ತೆ ಪಕ್ಕದ ಟಿಂಬರ್ ಯಾರ್ಡ್ ಲೇಔಟಿನಲ್ಲಿ ನೀವು ಮಾತ್ರ "ಇಳಿಸಮ್ಮ, ನೋಡೋಣ" ಅಂದಿರಿ.

ಮೊದಲು ಮೇಜಿನ ಮೇಲೆ ಹಳೇ ಕಂಬಳಿ ಹಾಸಿದಿರಿ. ಆಮೇಲೆ ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಆರಿಸಿ, ಕತ್ತು ಬಗ್ಗಿಸುವ ದೀಪವನ್ನು ಮರದ ಮಟ್ಟಕ್ಕೆ ತಂದು ಪಕ್ಕದಿಂದ ಬೆಳಕು ಬಿಟ್ಟಿರಿ. ಅಲ್ಲಿವರೆಗೆ ನನ್ನ ಕಣ್ಣಿಗೆ ಬೀಳದಿದ್ದ ಕೂದಲೆಳೆಯಂಥ ಸೀಳು ನೆರಳು ಕಟ್ಟಿ ಎದ್ದು ಕಂಡಿತು. ಬರೀ ಕಾಲು ಬಿಗಿ ಮಾಡಿ ಕಳಿಸಿದ್ದರೆ ಮಗು ಮಲಗಿದಾಗಲೇ ಬಿಡುತ್ತಿತ್ತೇನೋ!

ಅಗಲದ ಪ್ರಕಾರ ಗೋಡೆಗೆ ತೂಗುಹಾಕಿದ ಉಳಿಗಳು, ಮೇಜಿನ ಬಲಕ್ಕೆ ಅಂಟಿಸಿದ ಮರವನ್ನು ಬಿಗಿಹಿಡಿಯುವ ಕ್ಲಾಂಪುಗಳು, ಬಾಗಿಲ ಬಳಿ ಉಜ್ಜುವ ಯಂತ್ರ, ಧೂಳು ತಾಗದ ಒಳಮೂಲೆಯಲ್ಲಿ ಪಾಲಿಶ್. ಅಂಟು ಹಚ್ಚಿದ ಮೇಲೆ ಹುಡುಕಾಡಲು ಹೊತ್ತಿರುವುದಿಲ್ಲ. ನೀವು ತಿರುಗಿಯೂ ನೋಡದೆ ಕೈ ಚಾಚಿ ಕ್ಲಾಂಪು ತೆಗೆದುಕೊಂಡಿರಿ. ಹೊರಗೆ ಒಸರಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, "ರಾತ್ರಿಯಿಡೀ ಮುಟ್ಟಬಾರದು" ಅಂದಿರಿ.

ಬೆಳಿಗ್ಗೆ ನೀವೇ ತೂಗಿ, ಅಂಚುಗಳ ಮೇಲೆಲ್ಲ ಅಂಗೈ ಆಡಿಸಿ ಸಿಬಿರಿಲ್ಲವೆಂದು ನೋಡಿ ಆಟೋಗೆ ಏರಿಸಿದಿರಿ. ಆಗ ನನಗೆ ಜೀವ ಬಂದಂತಾಯಿತು. ಶಾಸ್ತ್ರ ಚೆನ್ನಾಗಿ ನಡೆಯಿತು. ತುಂಬಾ ಧನ್ಯವಾದ ಅಣ್ಣ, ಮನೆಯ ಹಳೇ ಮಣೆಗಳನ್ನೂ ನಿಮ್ಮಲ್ಲಿಗೇ ತರುತ್ತೇನೆ.