ನಮ್ಮ ಬೀದಿಯ ಚಪ್ಪಡಿ ಯಾರ ಲೆಕ್ಕಕ್ಕೆ? ಮುಖ್ಯಮಂತ್ರಿಗಳಿಗೊಂದು ಬಹಿರಂಗ ಪತ್ರ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಧ್ಯಕ್ಷರೂ ಆದ ಸನ್ಮಾನ್ಯ ಮುಖ್ಯಮಂತ್ರಿಗಳಿಗೆ ನಮಸ್ಕಾರಗಳು.

ಕಳೆದ ಮಳೆಗಾಲದಲ್ಲಿ ನನ್ನ ತಾಯಿ ಹಾಲು ತರಲು ಹೋಗಿ ಮೋರಿಗೆ ಬಿದ್ದರು. ನಮ್ಮ ಬೀದಿಯಲ್ಲಿ ಪಾದಚಾರಿ ಮಾರ್ಗವೆಂದರೆ ಮೋರಿಯ ಮೇಲೆ ಹಾಸಿದ ಚಪ್ಪಡಿಗಳ ಸಾಲು. ಅವುಗಳಲ್ಲಿ ಒಂದರ ಮೂಲೆ ಮುರಿದಿತ್ತು. ಹಿಂದಿನ ರಾತ್ರಿ ಸುರಿದ ಮಳೆಗೆ ಕಲ್ಲು, ರಸ್ತೆ, ನೀರು ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಕಾಲಿಟ್ಟ ಕೂಡಲೇ ಕಲ್ಲು ವಾಲಿ, ಅಮ್ಮನ ಬಲಗಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಪಾದದ ಮೂಳೆ ಮುರಿಯಿತು. 71 ವರ್ಷದ ಅವರು ಆರು ವಾರ ಹಾಸಿಗೆ ಹಿಡಿದರು.

ಎದುರು ಮನೆಯ ದರ್ಜಿ ಅದೇ ದಿನ ಪೊರಕೆಯ ಕೋಲಿಗೆ ಕೆಂಪು ಬಟ್ಟೆಯ ತುಂಡು ಕಟ್ಟಿ ಆ ಸಂದಿಯಲ್ಲಿ ನೆಟ್ಟರು. ನಾನು ದೂರು ಕೊಟ್ಟೆ. ಒಂದು ಕಚೇರಿಯವರು, ಕಲ್ಲು ಎತ್ತಿದವರು ಕೇಬಲ್‌ನವರು, ಅವರನ್ನೇ ಕೇಳಿ ಎಂದರು. ಇನ್ನೊಂದು ಕಚೇರಿಯವರು, ಒಳಗಿನ ಪೈಪು ನಮ್ಮದು, ಮೇಲಿನ ಕಲ್ಲು ನಮ್ಮದಲ್ಲ ಎಂದರು. ಹನ್ನೊಂದನೆಯ ದಿನ ಮೊಬೈಲ್‌ಗೆ ಸಂದೇಶ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ. ಬಾಗಿಲು ತೆರೆದು ನೋಡಿದೆ. ಕೆಂಪು ಬಟ್ಟೆ ಅಲ್ಲೇ ಇತ್ತು.

ಆ ದಿನಗಳಲ್ಲಿ ನಮ್ಮ ಬೀದಿಯ ಸುರಕ್ಷತೆಯ ಹೊಣೆ ಹೊತ್ತವರು ಯಾರು ಎಂದು ಕೇಳಿದರೆ, ದರ್ಜಿಯ ಜೊತೆಗೆ ನಾನು ಹೇಳುವುದು ಕಸ ಗುಡಿಸಲು ಬರುವ ಪೌರಕಾರ್ಮಿಕ ಮಹಿಳೆಯ ಹೆಸರನ್ನು. ಗಾಳಿಗೆ ಕೋಲು ಬಿದ್ದಾಗಲೆಲ್ಲ ಎತ್ತಿ ನಿಲ್ಲಿಸುತ್ತಿದ್ದವರು ಅವರು. ಶಾಲೆಗೆ ಹೋಗುವ ಮಕ್ಕಳನ್ನು ಕೈಹಿಡಿದು ಆಚೆ ದಾಟಿಸುತ್ತಿದ್ದವರೂ ಅವರೇ. ಇದು ಅವರ ಕೆಲಸದ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. 2025ರ ಕಾರ್ಮಿಕರ ದಿನದಂದು ನಗರದ 12,000ಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿಯ ಆದೇಶ ಸಿಕ್ಕಿತು. ಬಹಳ ತಡವಾಗಿ ಬಂದ ನ್ಯಾಯವಾದರೂ ಅದಕ್ಕಾಗಿ ಸರ್ಕಾರಕ್ಕೆ ಮನಃಪೂರ್ವಕವಾಗಿ ಕೃತಜ್ಞತೆ ಹೇಳುತ್ತೇನೆ. ಬೆಳಗಿನ ಆರಕ್ಕೇ ಬೀದಿಗೆ ಬಂದು ನಿಲ್ಲುವ ಸರ್ಕಾರವೆಂದರೆ ನಮ್ಮ ಪಾಲಿಗೆ ಅವರೇ.

ಮುಖ್ಯಮಂತ್ರಿಗಳೇ, ಅವರ ಮೇಲೆ ಯಾರಿದ್ದಾರೆ ಎಂಬುದೇ ನಮಗೆ ಕಾಣುತ್ತಿಲ್ಲ. ಬಿಬಿಎಂಪಿಯ ಕೊನೆಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ನಡೆದಿರಬೇಕೆಂದು ಸಂವಿಧಾನದ 243-ಯು ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಆದರೂ ಅದಾದ ಮೇಲಿನ ಐದು ಮಳೆಗಾಲಗಳನ್ನು ಈ ಊರು ಕಾರ್ಪೊರೇಟರ್‌ಗಳಿಲ್ಲದೆ ಕಳೆಯಿತು. ಇದ್ದ ಕಾರ್ಪೊರೇಟರ್‌ಗಳೆಲ್ಲ ಸಜ್ಜನರಾಗಿದ್ದರು ಎಂದು ನಾನು ವಾದಿಸುವುದಿಲ್ಲ. ಆದರೆ ಅವರ ಮನೆ ಎಲ್ಲಿದೆ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಬೆಳಿಗ್ಗೆ ಏಳಕ್ಕೆ ಹೋಗಿ ಗೇಟು ತಟ್ಟಬಹುದಿತ್ತು. ಕೆಲಸವಾಗದಿದ್ದರೆ ಐದು ವರ್ಷಕ್ಕೊಮ್ಮೆ ಅವರೇ ನಮ್ಮ ಗೇಟು ತಟ್ಟಬೇಕಾಗಿತ್ತು. ವರ್ಗಾವಣೆಯ ಆದೇಶ ಬಂದೊಡನೆ ಹೊರಡುವ ಅಧಿಕಾರಿ ಎಷ್ಟೇ ದಕ್ಷರಾಗಿದ್ದರೂ ಆ ಭಯ ಅವರಿಗಿಲ್ಲ.

2025ರ ಸೆಪ್ಟೆಂಬರ್ 2ರಂದು ಒಂದಿದ್ದ ಪಾಲಿಕೆ ಐದಾಯಿತು. 198 ವಾರ್ಡ್‌ಗಳಿದ್ದ ನಗರಕ್ಕೆ ಈಗ 369 ವಾರ್ಡ್‌ಗಳು. ವಾರ್ಡ್ ಚಿಕ್ಕದಾದಷ್ಟೂ ಅಧಿಕಾರ ಮನೆಯ ಹತ್ತಿರ ಬರುತ್ತದೆ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಅದು ನಿಜವಾಗಬೇಕಾದರೆ ವಾರ್ಡಿಗೊಬ್ಬ ಸದಸ್ಯರು ಬೇಕು, ವಾರ್ಡ್ ಸಮಿತಿ ತಿಂಗಳು ತಪ್ಪದೆ ಸೇರಬೇಕು. ಚುನಾವಣೆಯನ್ನು ಇನ್ನು ಒಂದು ದಿನವೂ ಮುಂದೂಡಬೇಡಿ.

ಸುರಕ್ಷತೆ ಎಂದಾಗ ನನ್ನ ಕಣ್ಣೆದುರು ಬರುವುದು ಎರಡು ಭಾನುವಾರಗಳು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ತುಂಬಿದ ಮಳೆನೀರಿಗೆ ಕಾರು ಸಿಲುಕಿ 22 ವರ್ಷದ ಯುವತಿ ಪ್ರಾಣ ಕಳೆದುಕೊಂಡರು. ಆ ಜಾಗ ನಿಮ್ಮ ವಿಧಾನಸೌಧಕ್ಕೆ ಕೂಗಳತೆಯ ದೂರದಲ್ಲಿದೆ. ಅದೇ ವರ್ಷ ನವೆಂಬರ್ 19ರಂದು ವೈಟ್‌ಫೀಲ್ಡ್ ಕಡೆಯ ಹೋಪ್‌ಫಾರ್ಮ್ ಬಳಿ ಪಾದಚಾರಿ ಮಾರ್ಗದಲ್ಲಿ ಬಿದ್ದಿದ್ದ ವಿದ್ಯುತ್ ತಂತಿ ತಗುಲಿ ಒಬ್ಬ ತಾಯಿ ಮತ್ತು ಅವರ 9 ತಿಂಗಳ ಮಗು ತೀರಿಕೊಂಡರು. ಒಬ್ಬರು ಕಾರಿನಲ್ಲಿ ಕುಳಿತಿದ್ದರು, ಇನ್ನೊಬ್ಬರು ಮಗುವನ್ನೆತ್ತಿಕೊಂಡು ನಡೆಯುತ್ತಿದ್ದರು. ಊರಿನಲ್ಲಿ ಎಲ್ಲರೂ ದಿನವೂ ಮಾಡುವ ಕೆಲಸವನ್ನೇ ಅವರೂ ಮಾಡುತ್ತಿದ್ದರು. ಅದನ್ನು ಓದಿದ ಮೇಲೆ ಎಷ್ಟೋ ದಿನ ನಾನು ಮಗಳನ್ನು ರಸ್ತೆಯ ಆ ಬದಿಗೆ ಬಿಟ್ಟು ನಡೆಯಲಿಲ್ಲ.

ಅಂಡರ್‌ಪಾಸ್ ಪಾಲಿಕೆಯದು, ತಂತಿ ಬೆಸ್ಕಾಂನದು, ಒಳಚರಂಡಿ ಜಲಮಂಡಳಿಯದು. ರಸ್ತೆ ಅಗೆಯುವುದು ಒಬ್ಬರು, ಮುಚ್ಚಬೇಕಾದವರು ಇನ್ನೊಬ್ಬರು. ಇವರೆಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸುವುದಕ್ಕಾಗಿಯೇ ಪ್ರಾಧಿಕಾರ ರಚನೆಯಾಯಿತು ಎಂದು ನಾವು ನಂಬಿದ್ದೇವೆ. ಆ ಮೇಜಿನ ತಲೆಯಲ್ಲಿ ಕುಳಿತವರು ನೀವು. ಆದ್ದರಿಂದಲೇ ಈ ಪತ್ರ ಯಾವ ಆಯುಕ್ತರಿಗೂ ಹೋಗದೆ ನಿಮಗೆ ಬರುತ್ತಿದೆ.

ಐದು ಪಾಲಿಕೆಯಾದ ಮೇಲೆ ಈ ಮೇಜಿನ ಅಗತ್ಯ ಇನ್ನೂ ಹೆಚ್ಚಾಗಿದೆ. ಬೆಂಗಳೂರು ಎತ್ತರದ ದಿಣ್ಣೆಯ ಮೇಲಿರುವ ಊರು. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳ ದಾರಿ ಹಿಡಿಯುತ್ತದೆ. ಮೆಜೆಸ್ಟಿಕ್ ಸುತ್ತಮುತ್ತಲಿನ ನೀರು ರಾಜಕಾಲುವೆಯಲ್ಲಿ ಶಾಂತಿನಗರ, ಕೋರಮಂಗಲ ದಾಟಿ ಬೆಳ್ಳಂದೂರು ಕೆರೆಗೆ ಇಳಿಯುತ್ತದೆ. ಕೇಂದ್ರ ಪಾಲಿಕೆಯಲ್ಲಿ ಹೂಳು ಎತ್ತದಿದ್ದರೆ, ಕಾಲುವೆಗೆ ಕಸ ಸುರಿದರೆ, ಅದರ ಫಲ ಪೂರ್ವ ಪಾಲಿಕೆಯವರ ಮನೆ ಬಾಗಿಲಿಗೆ ಬರುತ್ತದೆ. ರಾಜಕಾಲುವೆಯ ಒಂದೊಂದು ತುಂಡು ಒಂದೊಂದು ಪಾಲಿಕೆಯ ಪಾಲಾದರೆ ಮೇಲಿನವರು ಕೆಳಗಿನವರನ್ನು, ಕೆಳಗಿನವರು ಮೇಲಿನವರನ್ನು ದೂರುತ್ತಲೇ ಇರುತ್ತಾರೆ. ನಮ್ಮ ಬೀದಿಯ ಕಲ್ಲಿಗೆ ಆದ ಗತಿಯೇ ಆಗ ಇಡೀ ಕಣಿವೆಗೆ ಆಗುತ್ತದೆ. ಕಣಿವೆಗೊಬ್ಬ ಹೊಣೆಗಾರ ಎಂಜಿನಿಯರ್ ಇರಲಿ. ಅವರ ಅಧಿಕಾರ ಪಾಲಿಕೆಯ ಗಡಿಯಲ್ಲಿ ನಿಲ್ಲದೆ ಕೆರೆಯ ಕೋಡಿಯವರೆಗೂ ಹೋಗಲಿ.

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗ ಕೊರೆಯುವ ಯೋಜನೆಯ ಬಗ್ಗೆ ಬಹಳ ಚರ್ಚೆ ನಡೆದಿದೆ. ಅದರ ಪರ, ವಿರೋಧ ಹೇಳಬಲ್ಲ ತಜ್ಞರಿದ್ದಾರೆ, ಅವರು ಹೇಳಲಿ. ಸಾವಿರಾರು ಕೋಟಿಯ ಕಡತ ನಿಮ್ಮ ಮುಂದೆ ಬಂದಾಗ, ಇದೇ ನಗರದಲ್ಲಿ ನಡೆದೇ ಹೋಗುವವರಿಗೆ ಎಷ್ಟು ಇಟ್ಟಿದ್ದೀರಿ ಎಂದು ಅಧಿಕಾರಿಗಳನ್ನು ಒಮ್ಮೆ ಕೇಳಿ ಎಂಬುದಷ್ಟೇ ನನ್ನ ಪ್ರಾರ್ಥನೆ. ಬಸ್ ಹತ್ತುವವರು, ಮೆಟ್ರೊ ಹಿಡಿಯುವವರು, ಶಾಲೆಯ ಮಕ್ಕಳು, ಹಾಲು ತರುವ ಮುದುಕಿಯರು ಎಲ್ಲರೂ ಮೊದಲು ಕಾಲಿಡುವುದು ಚಪ್ಪಡಿಯ ಮೇಲೆ.

ಮುಂದಿನ ಮಳೆಗಾಲ ಶುರುವಾಗುವ ಮುನ್ನ ಒಂದು ಕೆಲಸ ಮಾಡಿಸಿಕೊಡಿ. ಪ್ರತಿ ಬೀದಿಯ ತುದಿಗೆ ಒಂದು ಫಲಕ ಹಾಕಿಸಿ. ಮೋರಿ, ಚಪ್ಪಡಿ, ದೀಪ, ತಂತಿ ಇವುಗಳಿಗೆ ಯಾವ ಎಂಜಿನಿಯರ್ ಹೊಣೆ, ಅವರ ಮೇಲಧಿಕಾರಿ ಯಾರು, ಮೊಬೈಲ್ ಸಂಖ್ಯೆ ಯಾವುದು ಎಂಬುದು ಅದರಲ್ಲಿ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಇರಲಿ. ದೂರು ಕೊಟ್ಟವರು ಒಪ್ಪಿ ಹೇಳುವವರೆಗೆ ಯಾವ ದೂರನ್ನೂ ಪರಿಹಾರವಾಯಿತೆಂದು ಮುಚ್ಚಬಾರದೆಂದು ಆದೇಶ ಹೊರಡಿಸಿ. ಇದಕ್ಕೆ ಸುರಂಗದಷ್ಟು ಹಣ ಬೇಕಿಲ್ಲ.

ಅಮ್ಮ ಈಗ ಮತ್ತೆ ನಡೆಯುತ್ತಿದ್ದಾರೆ. ಹಾಲಿಗೆ ಹೋಗುವಾಗ ಚಪ್ಪಡಿಯ ಮೇಲೆ ಕಾಲಿಡದೆ, ಬೈಕುಗಳ ನಡುವೆ, ರಸ್ತೆಯ ಮಧ್ಯದಲ್ಲೇ ಹೋಗುತ್ತಾರೆ. ಬೇಡವೆಂದರೆ ಕೇಳುವುದಿಲ್ಲ. ಫಲಕ ಬರುವುದಾದರೆ ನಮ್ಮ ಬೀದಿಯಲ್ಲಿ ಅದಕ್ಕೊಂದು ಜಾಗವಿದೆ. ಕೆಂಪು ಬಟ್ಟೆಯ ಕೋಲಿಗೆ ಎರಡು ಅಡಿ ದೂರದಲ್ಲೇ ದೀಪದ ಕಂಬ ಇದೆ.

ಇತಿ,
ಬೆಂಗಳೂರಿನ ಒಬ್ಬ ನಿವಾಸಿ