ರೌಝಾ ಪರ್ಮಿಟ್ ವಿಷಯದಲ್ಲಿ ನಮ್ಮ ಉಮ್ರಾ ಟ್ರಾವೆಲ್ಸ್‌ನವ್ರಿಗೆ ಬರೆದ ದೂರು

ಟ್ರಾವೆಲ್ಸ್ ಮಾಲೀಕರಿಗೆ,

ವಿಷಯ: ಪ್ಯಾಕೇಜ್‌ನಲ್ಲಿ ಹೇಳಿದ್ದ ರೌಝಾ ಜಿಯಾರತ್ (ಮದೀನಾದ ಪ್ರವಾದಿಯವರ ಮಸೀದಿ ಒಳಗಿರೋ ರಿಯಾಝುಲ್ ಜನ್ನಾ ಅನ್ನೋ ಜಾಗದ ಭೇಟಿ) ಮಾಡಿಸ್ದೇ ಇರೋದು, ಪರ್ಮಿಟ್ ತಾರೀಖು ಬದಲಾಯಿಸದೇ ಬಿಟ್ಟಿದ್ದು.

ಅಸ್ಸಲಾಮು ಅಲೈಕುಂ ಸರ್,

ನಾನು, ನಮ್ಮಮ್ಮಿ, ನಮ್ಮಣ್ಣ ನಿಮ್ಮ ಗ್ರೂಪ್‌ನಲ್ಲಿ ಶಿಡ್ಲಘಟ್ಟದಿಂದ ಮಕ್ಕಾಗೆ ಉಮ್ರಾ ಯಾತ್ರೆಗೆ ಬಂದಿದ್ವಿ. ಫೋನಲ್ಲಿ ಹೇಳಿ ಹೇಳಿ ಸಾಕಾಗಿದೆ, ನಿಮ್ಮ ಆಫೀಸಲ್ಲಿ ಒಂದೊಂದು ಸಲ ಒಬ್ಬೊಬ್ರು ಫೋನ್ ಎತ್ತುತಾರೆ, ಎಲ್ರಿಗೂ ಮೊದಲಿಂದ ಹೇಳ್ಬೇಕು, ಕೊನೆಗೆ "ಸಾರ್‌ಗೆ ಹೇಳ್ತೀನಿ ಮೇಡಂ" ಅಂತ ಇಡ್ತಾರೆ. ಅದಕ್ಕೆ ಎಲ್ಲಾ ಬರ್ದೇ ಕಳಿಸ್ತಿದ್ದೀನಿ, ಪೂರ್ತಿ ಓದಿ.

ಊಟ, ಹೋಟ್ಲು, ಬಸ್ಸಿನ ಬಗ್ಗೆ ನನ್ನ ದೂರು ಏನೂ ಇಲ್ಲ. ಮಕ್ಕಾದಲ್ಲಿ ಹೋಟ್ಲು ನೀವು ಹೇಳಿದ್ದಕ್ಕಿಂತ ದೂರ ಇತ್ತು, ಅಮ್ಮಿಗೆ ಮಂಡಿ ನೋವು, ಆದ್ರೂ ಅಲ್ಲಾಹ್‌ನ ಮನೆಗೆ ಹೋಗಿರೋದು, ನಡ್ಕೊಂಡು ಹೋದ್ವಿ, ಬಿಡಿ. ನನ್ನ ದೂರು ರೌಝಾದ್ದು. ನಿಮ್ಮ ಪಾಂಪ್ಲೆಟ್‌ನಲ್ಲಿ ದೊಡ್ಡ ಅಕ್ಷರದಲ್ಲಿ "ಮದೀನಾದಲ್ಲಿ ರಿಯಾಝುಲ್ ಜನ್ನಾ ಜಿಯಾರತ್ ಗ್ಯಾರಂಟಿ" ಅಂತ ಇದೆ, ಇನ್ನೂ ನಮ್ಮನೇಲಿದೆ ಅದು. ಅಡ್ವಾನ್ಸ್ ಕಟ್ಟೋ ದಿನ ಅಮ್ಮಿ ಕೇಳಿದ್ದು ಅದೊಂದೇ ಮಾತು, "ರೌಝಾ ಒಳಗೆ ಹೋಗ್ಬಹುದಾ ಬೇಟಾ" ಅಂತ, ನಿಮ್ಮ ಕೌಂಟರ್ ಹುಡುಗ "ಖಾಲಾ ಟೆನ್ಷನ್ ಬೇಡ, ಸೌದಿ ಸರ್ಕಾರದ ನುಸುಕ್ ಆಪ್‌ನಲ್ಲಿ ನಾವೇ ಎಲ್ಲಾ ಮಾಡಿಸ್ತೀವಿ, ನೀವು ಮುಟ್ಟೋದೇ ಬೇಡ" ಅಂದ. ನಾವು ಮುಟ್ಲಿಲ್ಲ. ಪಾಸ್‌ಪೋರ್ಟ್ ಕೊಟ್ವಿ, ಫೋಟೋ ಕೊಟ್ವಿ, ನಿಮ್ಮ ಮೇಲೆ ನಂಬಿಕೆ ಇಟ್ವಿ.

ಆಮೇಲೆ ಆಗಿದ್ದೇನು? ಮೊದಲು ನೀವು ಕೊಟ್ಟ ಪ್ಲಾನ್ ಮದೀನಾ ಮುಂಚೆ, ಮಕ್ಕಾ ಆಮೇಲೆ. ಹೊರಡೋಕೆ ಸ್ವಲ್ಪ ಮುಂಚೆ ಟಿಕೆಟ್ ಚೇಂಜ್ ಮಾಡುದ್ರಿ, ಜಿದ್ದಾಗೆ ಇಳ್ದು ಸೀದಾ ಮಕ್ಕಾ ಅಂದ್ರಿ. ಇದು ಬರೀ ಟಿಕೆಟ್ ವಿಷ್ಯ ಅಲ್ಲ ಸರ್. ಮದೀನಾ ಮೊದ್ಲು ಆದ್ರೆ ಅಲ್ಲಿಂದ ಬರ್ತಾ ಝುಲ್ ಹುಲೈಫಾ ಅನ್ನೋ ಕಡೆ ಇಹ್ರಾಮ್ (ಉಮ್ರಾದ ಬಟ್ಟೆ, ಸಂಕಲ್ಪ) ಕಟ್ಕೊಂಡು ಬರೋದು, ಸೀದಾ ಮಕ್ಕಾ ಅಂದ್ರೆ ಮೀಕಾತ್, ಅಂದ್ರೆ ಇಹ್ರಾಮ್ ಇಲ್ದೇ ದಾಟಬಾರದ ಗಡಿ, ದಾಟೋಕೆ ಮುಂಚೆ ವಿಮಾನದಲ್ಲೇ ನಿಯ್ಯತ್ (ಸಂಕಲ್ಪ) ಆಗ್ಬೇಕು. ನಮ್ಮಣ್ಣ ಇಹ್ರಾಮ್ ಬಟ್ಟೆನ ದೊಡ್ಡ ಲಗೇಜ್‌ಗೆ ಹಾಕಿದ್ದ, ದೇವನಹಳ್ಳಿ ಏರ್‌ಪೋರ್ಟಲ್ಲಿ ಬ್ಯಾಗ್ ಬಿಚ್ಚಿ ತೆಗ್ದು ಉಟ್ಕೊಂಡ. ಅದನ್ನೂ ಬಿಡಿ. ಪ್ಲಾನ್ ತಿರುಗಿಸಿದೋರು ರೌಝಾ ಪರ್ಮಿಟ್ ತಾರೀಖು ತಿರುಗಿಸ್ಲಿಲ್ಲ. ನಮ್ಮ ಪರ್ಮಿಟ್ ಇದ್ದ ದಿನ ನಾವು ಮಕ್ಕಾದಲ್ಲಿ ತವಾಫ್ (ಕಾಬಾ ಸುತ್ತ ಪ್ರದಕ್ಷಿಣೆ) ಮಾಡ್ತಿದ್ವಿ. ಅಲ್ಲಿಂದ ಮದೀನಾ ಸುಮಾರು 450 ಕಿಲೋಮೀಟರ್!

ಅದು ನಮಗೆ ಗೊತ್ತಾಗಿದ್ದು ಎಲ್ಲಿ ಅಂದ್ರೆ ಗೇಟಲ್ಲಿ. ಪರ್ಮಿಟ್ ನಮ್ಮ ಕೈಗೆ ಕೊಟ್ಟಿರ್ಲಿಲ್ಲ, ಗ್ರೂಪ್ ಲೀಡರ್ ಭಾಯ್ ಹತ್ರ ಇದೆ ಅಂದಿದ್ರಿ, ಅವ್ರು ಇಶಾ ನಮಾಝ್ ಆದ್ಮೇಲೆ ಹೆಂಗಸರ ಲೈನಿಗೆ ಹೋಗಿ ನಿಂತ್ಕೊಳಿ ಅಂತ ಹೇಳಿ ನಾವು ನಿಂತಾದ್ಮೇಲೆ ವಾಟ್ಸಾಪ್‌ಗೆ ಸ್ಕ್ರೀನ್‌ಶಾಟ್ ಹಾಕುದ್ರು. ಅಮ್ಮಿ ಕೈಕಾಲು ಮುಖ ತೊಳ್ದು ವುಝೂ ಮಾಡ್ಕೊಂಡು ಹೊಸ ದುಪಟ್ಟಾ ಹೊದ್ದು ನಿಂತಿದ್ರು, ಕೈಯಲ್ಲಿ ಒಂದು ಚೀಟಿ, ನಮ್ಮ ಬೀದಿಯಲ್ಲಿ ಯಾರ್ಯಾರು "ನಮ್ಮ ಸಲಾಂ ಹೇಳಿ, ನಮಗೂ ದುವಾ ಮಾಡಿ" ಅಂದಿದ್ರೋ ಅವ್ರೆಲ್ಲರ ಹೆಸ್ರು ನನ್ನ ಕೈಲಿ ಬರೆಸ್ಕೊಂಡಿದ್ರು. ಗೇಟಲ್ಲಿದ್ದ ಹೆಂಗಸು ಫೋನ್ ನೋಡುದ್ಲು, ತಾರೀಖಿನ ಮೇಲೆ ಬೆರಳಿಟ್ಟು ತೋರಿಸಿದ್ಲು, "ಖತಂ, ಅಮ್ಮಾ" ಅಂದ್ಲು. ಅವ್ಳ ತಪ್ಪೇನಿಲ್ಲ, ಮರ್ಯಾದೆಯಾಗೇ ಹೇಳುದ್ಲು, ಹಿಂದೆ ಲೈನ್ ಇತ್ತು. ಅಮ್ಮಿಗೆ ಅರ್ಥ ಆಗ್ಲಿಲ್ಲ, ನನ್ನ ಮುಖ ನೋಡುದ್ರು. ನಾನು ಏನು ಹೇಳ್ಲಿ ಸರ್?

ಅವತ್ತೇ ರಾತ್ರಿ ಹೊಸ ಪರ್ಮಿಟ್ ತಗೊಳ್ಳೋಣ ಅಂತ ನನ್ನ ಫೋನಿಗೆ ನುಸುಕ್ ಹಾಕ್ಕೊಂಡೆ. ಈ ಪಾಸ್‌ಪೋರ್ಟ್ ನಂಬರ್‌ಗೆ ಆಗ್ಲೇ ಅಕೌಂಟ್ ಇದೆ ಅಂತ ಬಂತು. ಆ ಅಕೌಂಟ್ ಯಾವ ಇಮೇಲ್‌ನಲ್ಲಿ? ನಿಮ್ಮ ಆಫೀಸಿಂದು! ಓಟಿಪಿ ಹೋಗೋದು ನಿಮ್ಮ ಆಫೀಸಿಗೆ, ಅಲ್ಲಿ ರಾತ್ರಿ ಹತ್ತೂವರೆ ಅಂದ್ರೆ ಇಲ್ಲಿ ಒಂದು ಗಂಟೆ, ಯಾರು ಫೋನ್ ಎತ್ತುತಾರೆ. ಬೆಳಿಗ್ಗೆ ಎತ್ತುದ್ರು, ಓಟಿಪಿ ಬಂದಿಲ್ಲ ಅಂದ್ರು, ಆ ಹುಡುಗ ರಜಾ ಅಂದ್ರು, ಸಂಜೆ ನೋಡ್ತೀನಿ ಅಂದ್ರು. ಕೊನೆಗೆ ಅಕೌಂಟ್ ಓಪನ್ ಆಗೋಷ್ಟೊತ್ತಿಗೆ ನಾವು ಮದೀನಾದಲ್ಲಿ ಇರೋ ದಿನಗಳಿಗೆ ಹೆಂಗಸರ ಸ್ಲಾಟ್ ಒಂದೂ ಖಾಲಿ ಇರ್ಲಿಲ್ಲ. ನಮ್ಮದೇ ಹೋಟ್ಲಲ್ಲಿ ಇಳ್ದಿದ್ದ ಹೈದರಾಬಾದ್ ಕಡೆಯ ಹೆಂಗಸರು ಅವರವರ ಫೋನಲ್ಲೇ ಪರ್ಮಿಟ್ ತೋರ್ಸಿ ಒಳಗೆ ಹೋಗಿ ಬಂದ್ರು, ಅಮ್ಮಿ ಅವ್ರ ಹತ್ರ ಕೂತು ಒಳಗೆ ಹೆಂಗಿದೆ ಅಂತ ಕೇಳ್ತಿದ್ರು.

ಊರಿಗೆ ಬಂದು ಕೇಳಿದ್ರೆ ನಿಮ್ಮ ಮ್ಯಾನೇಜರ್ ಕೊಟ್ಟ ಉತ್ತರ, "ಉಮ್ರಾ ಆಯ್ತಲ್ಲಾ ಮೇಡಂ, ರೌಝಾ ಉಮ್ರಾದಲ್ಲಿ ಬರಲ್ಲ." ಈ ಮಾತಿಗೇ ನನಗೆ ಜಾಸ್ತಿ ಬೇಜಾರಾಗಿದ್ದು. ಇಹ್ರಾಮ್, ತವಾಫ್, ಸಈ (ಸಫಾ ಮರ್ವಾ ನಡುವೆ ಓಡಾಡೋದು), ಕೂದ್ಲು ತೆಗೆಸೋದು, ಇಷ್ಟಾದ್ರೆ ಉಮ್ರಾ ಪೂರ್ತಿ ಅಂತ ನಮಗೂ ಗೊತ್ತು, ಧರ್ಮದ ನಿಯಮ ನಿಮ್ಮಿಂದ ಕಲೀಬೇಕಾಗಿಲ್ಲ. ಆದ್ರೆ ನೀವು ಜಿಯಾರತ್ ಅಂತ ಹೇಳಿ ದುಡ್ಡು ತಗೊಂಡಿದ್ದೀರಿ. "ನನ್ನ ಮನೆಗೂ ನನ್ನ ಮಿಂಬರ್‌ಗೂ (ಪ್ರವಚನ ಪೀಠಕ್ಕೂ) ನಡುವೆ ಇರೋದು ಸ್ವರ್ಗದ ತೋಟಗಳಲ್ಲಿ ಒಂದು ತೋಟ" ಅಂತ ಹದೀಸ್ ಇರೋ ಜಾಗ ಅದು, ಅಲ್ಲಿ ಎರಡು ರಕಾತ್ ನಮಾಝ್ ಓದ್ಬೇಕು ಅಂತ ಜನ ಜೀವಮಾನ ಕಾಯ್ತಾರೆ. ಅಮ್ಮಿ ರೇಷ್ಮೆ ನೂಲು ತೆಗೆಯೋ ಫಿಲೇಚರ್‌ನಲ್ಲಿ ಬಿಸಿನೀರಿಗೆ ಕೈ ಹಾಕಿ ಗೂಡಿಂದ ನೂಲು ತೆಗ್ದು ಬೆರಳ ತುದಿ ಎಲ್ಲಾ ಬೆಳ್ಳಗಾಗಿ ಸುಲ್ದು ಹೋಗಿರೋ ಹೆಂಗಸು, ಆ ಕೂಲಿ ದುಡ್ಡಲ್ಲಿ ಚೀಟಿ ಹಾಕಿ ಉಳಿಸಿದ್ದು ಇದಕ್ಕೇ.

ಇನ್ನೊಂದು, ಗಂಡಸರಿಗೂ ಹೆಂಗಸರಿಗೂ ಅಲ್ಲಿ ವ್ಯತ್ಯಾಸ ಇದೆ, ಇದು ನಿಮಗೆ ಗೊತ್ತಿಲ್ದೇ ಇರೋದಲ್ಲ. ನಮ್ಮಣ್ಣನ ಪರ್ಮಿಟೂ ತಪ್ಪೇ ಆಗಿತ್ತು, ಆದ್ರೆ ಅವ್ನು ಬಾಬುಸ್ಸಲಾಂ ಬಾಗ್ಲ ಕಡೆಯಿಂದ ಹೋಗಿ ರಸೂಲುಲ್ಲಾಹ್‌ರ ಮಜಾರ್ (ಪ್ರವಾದಿಯವರ ಸಮಾಧಿ) ಮುಂದೆ ಸಲಾಂ ಹೇಳಿ ಆ ಕಡೆ ಬಕೀ ಬಾಗ್ಲಿಂದ ಹೊರಗೆ ಬಂದ. ಆ ದಾರಿ ಹೆಂಗಸರಿಗೆ ಇಲ್ಲ. ನಮಗೆ ಹತ್ರ ಹೋಗೋಕೆ ಇರೋದು ಆ ರೌಝಾ ಸ್ಲಾಟ್ ಒಂದೇ. ಅಮ್ಮಿ ಮಸೀದಿ ಹೊರಗೆ ನಿಂತು ಹಸಿರು ಗುಂಬಝ್ ನೋಡ್ಕೊಂಡು ದೂರದಿಂದ ಸಲಾಂ ಹೇಳಿ ಬಂದ್ರು.

ನುಸುಕ್‌ನಲ್ಲಿ ಪರ್ಮಿಟ್ ಇಲ್ದೇ ರೌಝಾಗೆ ಬಿಡಲ್ಲ, ಒಬ್ರಿಗೆ 365 ದಿನಕ್ಕೆ ಒಂದೇ ಸಲ ಅಂತ 2023ರ ಡಿಸೆಂಬರ್‌ನಲ್ಲೇ ರೂಲ್ ಹೇಳುದ್ರು, ದಿನಾ ಜನ ಕಳ್ಸೋ ನಿಮಗೆ ಇದು ಹೊಸದೇನಲ್ಲ. ಜಾಗನೂ ಎಷ್ಟು, ಸುಮಾರು 22 ಮೀಟರ್ ಉದ್ದ 15 ಮೀಟರ್ ಅಗಲ, ಪ್ರಪಂಚದ ಜನ ಎಲ್ಲಾ ಅಲ್ಲಿಗೇ ಬರೋದು. ಹಿಂಗಿರೋವಾಗ ತಾರೀಖು ನೋಡ್ಕೊಳ್ಳೋ ಕೆಲ್ಸಕ್ಕೇ ನಿಮಗೆ ಸರ್ವೀಸ್ ಚಾರ್ಜ್ ಕೊಡೋದು.

ಈಗ ನಾನು ಕೇಳೋದು ಇಷ್ಟು. ಮದೀನಾ ಜಿಯಾರತ್ ಅಂತ ಬಿಲ್‌ನಲ್ಲಿ ಹಾಕಿರೋ ದುಡ್ಡನ್ನ ಅಮ್ಮಿದು ನಂದು ಇಬ್ಬರದ್ದೂ ವಾಪಸ್ ಕೊಡಿ, ಅಣ್ಣಂದು ಅವ್ನು ಬೇಡ ಅಂದಿದ್ದಾನೆ. ಪರ್ಮಿಟ್ ತಾರೀಖು ಯಾಕೆ ಬದಲಾಯಿಸ್ಲಿಲ್ಲ ಅಂತ ಬರವಣಿಗೆಯಲ್ಲಿ ಕೊಡಿ. ನಮ್ಮ ನುಸುಕ್ ಅಕೌಂಟ್‌ಗೆ ಇರೋ ನಿಮ್ಮ ಇಮೇಲ್ ತೆಗ್ದು ನಮ್ಮದು ಹಾಕ್ಸಿ, ಇದು ಮೊದ್ಲು ಆಗ್ಬೇಕು, ಯಾಕಂದ್ರೆ ಅಲ್ಲಾಹ್ ಇನ್ನೊಂದು ಸಲ ಕರೆಸ್ಕೊಂಡ್ರೆ ಮತ್ತೆ ನಿಮ್ಮ ಓಟಿಪಿಗೆ ಕಾಯೋಕಾಗಲ್ಲ. ಮುಂದಿನ ಗ್ರೂಪ್‌ನೋರಿಗಾದ್ರೂ ಅಕೌಂಟ್ ಅವರವರ ನಂಬರಲ್ಲೇ ಮಾಡ್ಸಿ, ಹೊರಡೋಕೆ ಮುಂಚೆ ಪರ್ಮಿಟ್ ತಾರೀಖು ಎಲ್ರಿಗೂ ಓದಿ ಹೇಳಿ, ಓದು ಬರ್ದೇ ಇರೋ ಹೆಂಗಸರು ಜಾಸ್ತಿ ಇರ್ತಾರೆ.

ಹದಿನೈದು ದಿನ ಕಾಯ್ತೀನಿ. ಉತ್ತರ ಬರ್ಲಿಲ್ಲ ಅಂದ್ರೆ ಗ್ರಾಹಕರ ಸಹಾಯವಾಣಿ 1915ಗೆ ಫೋನ್ ಮಾಡಿ ದೂರು ರಿಜಿಸ್ಟರ್ ಮಾಡಿಸ್ತೀನಿ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ, 2019ರ ಕಾಯ್ದೆ ಪ್ರಕಾರ ನಾವು ಇರೋ ಜಿಲ್ಲೆಯಲ್ಲೇ ಕೇಸ್ ಹಾಕ್ಬಹುದು. ಪಾಂಪ್ಲೆಟ್, ಬಿಲ್ಲು, ಗೇಟಲ್ಲಿ ನಿಂತಾಗ ಬಂದ ವಾಟ್ಸಾಪ್ ಸ್ಕ್ರೀನ್‌ಶಾಟ್ ಟೈಮ್ ಸಮೇತ, ಎಲ್ಲಾ ಇದರ ಜೊತೆ ಇಟ್ಟಿದ್ದೀನಿ.

ಇಂತಿ,
ನಿಮ್ಮ ಗ್ರೂಪ್‌ನಲ್ಲಿ ಅಮ್ಮಿ ಜೊತೆ ಬಂದಿದ್ದ ಮಗಳು
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ